ಮುಚ್ಚಿದ ಕೋಣೆಯಲ್ಲಿ ಮೂರು ಕವಳ

ಬಾಹ್ಯಾಕಾಶಕ್ಕೆ ಹೋಗುವವರ ಉಸಿರಿನ ವಿಷಯದಲ್ಲಿ ನಾನೊಂದು ಮೋಸ ಮಾಡಿದ್ದೇನೆ. ಈ ವಯಸ್ಸಿನಲ್ಲಾದರೂ ಒಪ್ಪಿಕೊಳ್ಳಬೇಕು.

ನನ್ನ ತಂಗಿಯ ಮಗಳು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಬಾಹ್ಯಾಕಾಶ ನಿಲ್ದಾಣದಲ್ಲಿರುವವರು ಬಿಟ್ಟ ಉಸಿರನ್ನು ಶುದ್ಧ ಮಾಡಿ ಮತ್ತೆ ಅವರಿಗೇ ಕೊಡುವ ಪೆಟ್ಟಿಗೆಯೊಂದನ್ನು ಮಾಡಿದ್ದಳು. ಅದರೊಳಗೆ ಒಂದು ಫ್ಯಾನು, ಕೆಟ್ಟ ಗಾಳಿ ಹೀರುವ ಬಿಳಿ ಗುಳಿಗೆ. ಕಾರ್ಗಲ್‌ನ ನಮ್ಮ ಮನೆಯ ಹಿಂದಿನ ಕೋಣೆಗೆ, ಕಿಟಕಿ ಬಾಗಿಲ ಸಂದಿಗೆಲ್ಲ ಟೇಪು ಹಚ್ಚಿ, ಅದನ್ನೇ ನಿಲ್ದಾಣ ಮಾಡಿಕೊಂಡಳು. ಬೆಳಿಗ್ಗೆಯಿಂದ ಸಂಜೆವರೆಗೆ ಒಳಗೆ ಕೂರುವ ಗಗನಯಾತ್ರಿ ನಾನು. ನನ್ನ ಅರ್ಹತೆ ಎಸ್ಸೆಸ್ಸೆಲ್ಸಿ ಮತ್ತು ಬೇರೆ ಕೆಲಸವಿಲ್ಲದಿರುವುದು.

“ಮಾವ, ಇವತ್ತು ಕವಳ ಇಲ್ಲ. ಅಲ್ಲಿ ಉಗಿಯೋಕೆ ಜಾಗ ಇರಲ್ಲ.”

“ಅಷ್ಟು ದೊಡ್ಡ ಆಕಾಶದಲ್ಲಿ ಉಗಿಯೋಕೆ ಜಾಗ ಇಲ್ವಾ ಮಾರಾಯ್ತಿ?”

“ಇಲ್ಲ. ಮಾತು ಕೊಡಿ.”

ಕೊಟ್ಟೆ. ಎಲೆ, ಅಡಿಕೆ, ಸುಣ್ಣ ಸೇರಿಸಿ ಮಡಿಸಿದ ಮೂರು ಕವಳ ಆಗಲೇ ಪಂಚೆಯ ಸೊಂಟದಲ್ಲಿದ್ದವು. ಅವಳು ಜಗಲಿಯಲ್ಲಿ ಕೋಣೆಯ ಕೆಟ್ಟ ಗಾಳಿ ಅಳೆಯುವ ಮೀಟರು ನೋಡುತ್ತಿದ್ದಾಗ ಮೂರು ಸಲ ಕಿಟಕಿಯ ಟೇಪು ಬಿಚ್ಚಿ ಹೊರಗೆ ಉಗಿದೆ, ಮತ್ತೆ ಅಂಟಿಸಿದೆ.

ಸಂಜೆ ಅವಳು ಕುಣಿಯುವುದೊಂದು ಬಾಕಿ. “ಮಾವ, ಕೆಟ್ಟ ಗಾಳಿ ಏರಿದ್ರೂ ತಾನಾಗೇ ಇಳಿತು! ನಾಳೆ ನಾನೇ ಕೂರ್ತೀನಿ, ನಿದ್ದೆನೂ ಒಳಗೇ. ಮೀಟರು ಕಾಯೋದೂ ಬೇಡ.”

ರಾತ್ರಿ ಎದ್ದು ಹೋಗಿ ಆ ಕಿಟಕಿಯ ಟೇಪು ಮುಟ್ಟಿ ನೋಡಿ ಬಂದೆ.

ಬೆಳಿಗ್ಗೆ ಅವಳು ಒಳಗೆ ಹೋಗುವ ಮುಂಚೆ ಹಿತ್ತಿಲಿಗೆ ಕರೆದುಕೊಂಡು ಹೋಗಿ ಕಿಟಕಿ ಕೆಳಗಿನ ಕೆಂಪು ಗೋಡೆ ತೋರಿಸಿದೆ.

“ಎಷ್ಟು ಸಲ?”

“ಮೂರು.”

ನೋಟ್‌ಬುಕ್ ಬಿಡಿಸಿದಳು. ಏರುತ್ತಿದ್ದ ಗೆರೆ ಸರಿಯಾಗಿ ಮೂರು ಕಡೆ ಧಡಕ್ಕನೆ ಇಳಿದಿತ್ತು. ಅದನ್ನವಳು ಗುಳಿಗೆಯ ಮಹಿಮೆ ಎಂದುಕೊಂಡಿದ್ದಳು.

“ಇವತ್ತು ನಾನು ಒಳಗೇ ಮಲಗಿಬಿಡ್ತಿದ್ದೆ, ಮಾವ,” ಎಂದಳು ಮೆಲ್ಲಗೆ. ಬೈದಿದ್ದರೆ ಚೆನ್ನಾಗಿತ್ತು.

ಮೊದಲು ಗೋಡೆ ತೊಳೆಸಿದಳು. ಆಮೇಲೆ, “ಬಾಯಿ ತೆಗೀರಿ. ನಾಲಿಗೆ ಎತ್ತಿ. ಸೊಂಟ ತೋರಿಸಿ,” ಎಂದು ತಪಾಸಣೆ ಮಾಡಿ ನನ್ನನ್ನೇ ಮತ್ತೆ ಕೂರಿಸಿ, ಮೀಟರಿನ ಎದುರಿನಿಂದ ಏಳದೆ ಕೂತಳು. ಮಧ್ಯಾಹ್ನದೊಳಗೆ ಮೀಟರು ಕೂಗಿಕೊಂಡಿತು. ಬಾಗಿಲ ಟೇಪು ಕಿತ್ತು ನನ್ನನ್ನು ಹೊರಗೆಳೆದಳು. ಪೆಟ್ಟಿಗೆ ಸೋತಿತ್ತು.

ತಲೆ ತಗ್ಗಿಸಿ ಜಗಲಿಯಲ್ಲಿ ಕೂತಿದ್ದೆ. ನನ್ನ ಎಲೆಅಡಿಕೆ ಡಬ್ಬಿ ತಂದು ಮುಂದಿಟ್ಟಳು.

“ಹಾಕ್ಕೊಳ್ಳಿ. ಗುಳಿಗೆ ಜಾಸ್ತಿ ಮಾಡಿ ನಾಡಿದ್ದು ಮತ್ತೆ ಕೂರಿಸ್ತೀನಿ. ಈ ಸಲ ಕಿಟಕಿಗೆ ಗಂಟೆ ಕಟ್ಟಿರ್ತೀನಿ.”