ವಿಭೂತಿ ನೆಕ್ಕುವ ಬೆಕ್ಕು

ಸಿಂಧನೂರಿನ ನಮ್ಮ ಮನೆಯಲ್ಲಿ ಬೇಸಿಗೆಯ ಮಧ್ಯಾಹ್ನವೆಂದರೆ ಅರ್ಧ ನಿದ್ದೆ, ಅರ್ಧ ಎಚ್ಚರ. ಎಲ್ಲೋ ದೂರದಲ್ಲಿ ಭತ್ತ ಕೊಯ್ಯುವ ಮಷಿನ್ನಿನ ಸದ್ದು, ಕಿಟಕಿಯ ಬಿಸಿಲಿನಲ್ಲಿ ತೇಲುವ ಹೊಟ್ಟಿನ ಧೂಳು, ಆ ಬಿಸಿಲು ಮುಗಿಯುವಲ್ಲಿ ದೇವರ ಜಗಲಿಯ ಮುಂದೆ ಮುದುಡಿಕೊಂಡ ಬಿಳಿ ಬೆಕ್ಕು. ಅದನ್ನೇ ನೋಡುತ್ತ ಮಲಗಿದರೆ ಉಸಿರಾಡುತ್ತಿರುವುದು ಬೆಕ್ಕೋ ಮನೆಯೋ ತಿಳಿಯುತ್ತಿರಲಿಲ್ಲ.

ಮಾಂಸ ಮುಟ್ಟದ ಮನೆ ನಮ್ಮದು. ಬೆಕ್ಕಿಗೂ ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿಯೇ, ಅದೂ ಅವ್ವನ ಕೈತುತ್ತು. ಓಣಿಯಲ್ಲಿ ಇಲಿಗೆ ವಿಷ ಇಡುತ್ತಾರೆಂದು ಹೊರಗೆ ಬಿಡುತ್ತಿರಲಿಲ್ಲ. ಆ ವರ್ಷ ಅದು ಜಿಗಿಯುವುದನ್ನೇ ಬಿಟ್ಟಿತು. ಜಗಲಿಯ ಮುಂದೆ ಕಣ್ಣು ಮುಚ್ಚಿ ಕೂರುವುದು, ನಡುನಡುವೆ ಎದ್ದು ವಿಭೂತಿ ಗಟ್ಟಿ ನೆಕ್ಕುವುದು, ಅಷ್ಟೇ. ಅವ್ವ ಹಿಗ್ಗಿಹೋದಳು.

“ಇದು ಬೆಕ್ಕಲ್ಲವ್ವಾ, ಶರಣ ಐತಿ.”

ಓಣಿಯ ಹೆಂಗಸರು ಬಂದು ಕೈಮುಗಿದು ಹೋಗತೊಡಗಿದರು. ಒಬ್ಬಾಕೆಯಂತೂ ಊದಿನಕಡ್ಡಿ ತಂದಿದ್ದಳು! ನನಗೆ ನಗು ಬರುತ್ತಿತ್ತು, ಒಳಗೊಳಗೆ ಹೆಮ್ಮೆಯೂ ಆಗುತ್ತಿತ್ತು.

ಒಂದು ಭಾನುವಾರ ಪಕ್ಕದ ಮನೆಯ ಅಕ್ಕ, ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಬೆಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಮುದ್ದು ಮಾಡುತ್ತ ಅದರ ತುಟಿ ಸರಿಸಿದಳು. ಒಸಡು ಸುಣ್ಣದಂತೆ ಬೆಳ್ಳಗಿತ್ತು. “ಅಯ್ಯ, ಇದರ ಮೈಯಾಗ ರಕ್ತನ ಇಲ್ಲಲ್ಲ!” ಎಂದಳು. ಮರುದಿನವೇ ಅವ್ವನೂ ನಾನೂ ಆಟೋ ಹಿಡಿದು ದನದ ದವಾಖಾನೆಗೆ ಹೋದೆವು.

ಡಾಕ್ಟರಮ್ಮ ರೋಮ ಬಿಡಿಸಿ ತೋರಿಸಿದರು. ತುಂಬ ಚಿಗಟ.

“ಇವು ರಕ್ತ ಹೀರ್ಯಾವ. ಮ್ಯಾಲೆ ಬರೇ ಹಾಲು ರೊಟ್ಟಿ. ಬೆಕ್ಕಿಗಿ ಮಾಂಸ ಬೇಕ ಬೇಕರೀ. ರಕ್ತ ಕಡಿಮಿ ಆದ್ರ ಸುಸ್ತಾಗಿ ಕುಂದರತಾವ, ಮಣ್ಣು, ಬೂದಿ ನೆಕ್ಕತಾವ. ಔಷಧ ಕೊಡ್ತೀನಿ. ಆದ್ರ ಹೊಟ್ಟಿಗಿ ಸರಿಯಾಗಿ ಬೀಳಲಿಲ್ಲಂದ್ರ ಉಳಿಯೂದು ಕಷ್ಟ ಐತಿ.”

ಅವ್ವನ ಮುಖ ಸಣ್ಣದಾಯಿತು. ಆಟೋದಲ್ಲಿ ಬೆಕ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತವಳು ಮೆಲ್ಲಗೆ, “ಮಾಂಸಾನ ಮನಿಯಾಗ ಹೆಂಗ ತರೂದವ್ವಾ?” ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. “ಶರಣರ ಗುಣ ಮರಣದಾಗ ನೋಡು ಅಂತಾರ. ಇದರದ್ದೂ ಹಂಗ ನೋಡೂಣೇನ್?”

ಅವ್ವ ಸೆರಗನ್ನು ಬೆಕ್ಕಿನ ಸುತ್ತ ಇನ್ನಷ್ಟು ಬಿಗಿ ಮಾಡಿದಳು. ಹೊರಗೆ ಕಾಲುವೆಯ ನೀರು ಬಿಸಿಲಿನಲ್ಲಿ ಕಣ್ಣು ಕುಕ್ಕುತ್ತ ನಮ್ಮ ಜೊತೆಗೇ ಬರುತ್ತಿತ್ತು.

ಸಂಜೆ ಪಕ್ಕದ ಮನೆಯ ಅಕ್ಕ ವಿಷಯ ತಿಳಿದು ತನ್ನ ಮನೆಯಲ್ಲಿ ಕೋಳಿ ಬೇಯಿಸಿಟ್ಟು ಕರೆದಳು. ಬೆಕ್ಕನ್ನು ನಾನೇ ಎತ್ತಿಕೊಂಡು ಹೋದೆ. ತಟ್ಟೆ ಮುಂದಿಟ್ಟರೆ ಮುಖ ತಿರುಗಿಸಿತು. ಅಕ್ಕ ಪುಸಲಾಯಿಸಿದಳು, ನಾನು ಬೈದೆ. ಅದು ಗದ್ದವನ್ನು ನೆಲಕ್ಕೂರಿ ಬಾಗಿಲನ್ನೇ ನೋಡುತ್ತ ಮಲಗಿತು. ಸತ್ತೇಹೋಗುತ್ತದೆ ಎಂದು ನನಗೆ ನಿಜಕ್ಕೂ ಭಯವಾಯಿತು.

ಆಗ ಅವ್ವ ಬಂದಳು. ಅಕ್ಕನ ಅಡುಗೆಮನೆಯ ಹೊಸ್ತಿಲನ್ನು ಎಂದೂ ದಾಟದವಳು. ಒಂದು ಗಳಿಗೆ ನಿಂತಳು, ಆಮೇಲೆ ಒಳಗೆ ಬಂದು ನೆಲದ ಮೇಲೆ ಕೂತು, ಎರಡು ಬೆರಳಲ್ಲಿ ಒಂದು ತುಣುಕು ತೆಗೆದು ಅದರ ಬಾಯಿಗೆ ಹಿಡಿದಳು. ಬೆಕ್ಕು ಮೊದಲು ಅವಳ ಬೆರಳು ಮೂಸಿತು. ಆಮೇಲೆ ಗಬಕ್ಕನೆ ಕಚ್ಚಿಕೊಂಡು, ಯಾರಾದರೂ ಕಸಿದಾರೆಂದು ಗುರ್‌ಗುಟ್ಟುತ್ತ ತಿನ್ನತೊಡಗಿತು.

ಅವ್ವನ ಕಣ್ಣಲ್ಲಿ ನೀರು ತುಂಬಿತು.

“ಉಪಾಸ ಇತ್ತಲ್ಲವ್ವಾ ಇದು. ನಾ ಭಕ್ತಿ ಅನಕೊಂಡಿದ್ದೆ.”

ಕಣ್ಣೊರೆಸಿಕೊಳ್ಳಲು ಕೈ ಎತ್ತಿದವಳು, ಬೆರಳಿಗೆ ಅಂಟಿದ್ದನ್ನು ಕಂಡು ಹಾಗೇ ಇಳಿಸಿದಳು. ಅಕ್ಕನ ಕಡೆ ತಿರುಗಿ, “ಇನ್ನೊಂದು ತುಣುಕು ಕೊಡವ್ವಾ,” ಎಂದಳು.