ಪರದೆಯ ಹಿಂದಿನ ಲಂಡನ್

ನನ್ನ ಗಂಡ ಲಂಡನ್ನಿಗೆ ಹೋದದ್ದು ಒಂದು ಶನಿವಾರ ಬೆಳಿಗ್ಗೆ. ಆ ಸುದ್ದಿ ಕೋಲ್ಕತ್ತದ ಕನ್ನಡಿಗರಿಗೆಲ್ಲ ಮುಟ್ಟಿದ ಹೊತ್ತಿನಲ್ಲಿ ಅವರು ಸದರ್ನ್ ಅವೆನ್ಯೂ ಪಕ್ಕದ ಗಲ್ಲಿಯ ನಮ್ಮ ಬಾಡಿಗೆ ಮನೆಯಲ್ಲಿ ಲುಂಗಿ, ಬನಿಯನ್ನು ಹಾಕಿಕೊಂಡು ಒಗ್ಗರಣೆ ಅವಲಕ್ಕಿ ತಿನ್ನುತ್ತಿದ್ದರು.

ಸುದ್ದಿ ಹಂಚಿದವನು ಒಬ್ಬ ಕಳ್ಳ. ಇವರ ಇಮೇಲ್ ಖಾತೆಗೆ ನುಗ್ಗಿ, ಪಾಸ್‌ವರ್ಡ್ ಬದಲಾಯಿಸಿ, ಅದರಲ್ಲಿ ವಿಳಾಸವಿದ್ದ ಪ್ರತಿಯೊಬ್ಬರಿಗೂ ಇವರ ಹೆಸರಿನಲ್ಲಿ ಪತ್ರ ಕಳಿಸಿದ್ದ. ತುರ್ತು ಕೆಲಸಕ್ಕೆಂದು ಲಂಡನ್ನಿಗೆ ಬಂದೆ, ದಾರಿಯಲ್ಲಿ ಬ್ಯಾಗನ್ನು ಕಿತ್ತುಕೊಂಡು ಹೋದರು, ಫೋನೂ ಇಲ್ಲ, ಹೋಟೆಲಿನವರು ಬಿಡುತ್ತಿಲ್ಲ, ದಯವಿಟ್ಟು ಈ ಕೆಳಗಿನ ಹೆಸರಿಗೆ ಹಣ ಕಳಿಸಿ, ಬಂದ ಕೂಡಲೇ ಹಿಂತಿರುಗಿಸುತ್ತೇನೆ, ಎಂದು. ಆ ಕಾಲಕ್ಕೆ ಇಂಥ ಪತ್ರಗಳು ಇನ್ನೂ ಹೊಸವು.

ಬೇರೆ ಯಾರಿಗಾದರೂ ಹೀಗಾಗಿದ್ದರೆ ಅಯ್ಯೋ ಪಾಪ ಎನ್ನುತ್ತಿದ್ದೆ. ಆದರೆ ಇವರು ಸೆಕ್ಟರ್ ಫೈವ್‌ನ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಅದೇ ವರ್ಷ ಯುಗಾದಿಯ ದಿನ ಕನ್ನಡ ಸಂಘದಲ್ಲಿ, ಒಬ್ಬಟ್ಟು ತಿಂದು ತೂಕಡಿಸುತ್ತಿದ್ದ ರೈಲ್ವೆಯ, ಬ್ಯಾಂಕಿನ ಹಿರಿಯರನ್ನೆಲ್ಲ ಹಿಡಿದು ಕೂರಿಸಿ, ಪ್ರೊಜೆಕ್ಟರ್ ಹಚ್ಚಿ, ಇಮೇಲ್ ಮೋಸದ ಬಗ್ಗೆ ಭಾಷಣ ಮಾಡಿದವರು. "ದುರಾಸೆ ಇರೋರು ಮಾತ್ರ ಇದಕ್ಕೆ ಬೀಳ್ತಾರೆ" ಎಂದು ಬೆರಳೆತ್ತಿ ಹೇಳಿದ್ದರು. ಜೋರಾಗಿ ಚಪ್ಪಾಳೆ ಬಿದ್ದಿತ್ತು, ಅದರಲ್ಲಿ ಮುಕ್ಕಾಲುಪಾಲು, ಭಾಷಣ ಮುಗಿಯಿತೆಂಬ ಸಂತೋಷಕ್ಕೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎನ್ನುವ ಗಾದೆಗೆ ಬದನೆಕಾಯಿ ನಮ್ಮ ಮನೆಯಿಂದಲೇ ಹೋಗುತ್ತದೆಂದು ನನಗೆ ಗೊತ್ತಿರಲಿಲ್ಲ.

"ಪಾಸ್‌ವರ್ಡ್ ಹೇಗ್ರೀ ಅವನ ಕೈಗೆ ಹೋಯ್ತು?" ಎಂದು ಕೇಳಿದೆ. ಸರ್ವರ್ರು, ಸೆಕ್ಯುರಿಟಿ ಎಂದು ಏನೇನೋ ಗೊಣಗಿದರು. ಬಿಡಲಿಲ್ಲ. ಕೊನೆಗೆ ಅವಲಕ್ಕಿ ತಟ್ಟೆಯನ್ನು ನೋಡುತ್ತ ಬಾಯಿಬಿಟ್ಟರು. ಹಿಂದಿನ ವಾರ ಇನ್ನೊಂದು ಮೇಲ್ ಬಂದಿತ್ತಂತೆ. ಲಂಡನ್ನಿನ ಕಂಪನಿಯೊಂದು ಇವರ ಪ್ರತಿಭೆಯನ್ನು ಗುರುತಿಸಿದೆಯಂತೆ, ಒಪ್ಪಿಗೆ ಇದ್ದರೆ ಲಿಂಕ್ ಒತ್ತಿ ಇಮೇಲ್ ಪಾಸ್‌ವರ್ಡ್ ಹಾಕಬೇಕಂತೆ. ಹಾಕಿದರಂತೆ.

ಇದರ ಹಿಂದೆ ಒಂದು ಗಾಯ ಇತ್ತು, ಅದನ್ನೂ ಹೇಳಬೇಕು. ಆಗ ನಮ್ಮವರ ನಡುವೆ ಒಬ್ಬ ಮನುಷ್ಯನ ಬೆಲೆ ಕಟ್ಟುತ್ತಿದ್ದದ್ದು 'ಆನ್‌ಸೈಟ್' ಹೋಗಿದ್ದಾನೋ ಇಲ್ಲವೋ ಎಂಬುದರ ಮೇಲೆ, ಅಂದರೆ ಕಂಪನಿ ಅವನನ್ನು ಕೆಲಸಕ್ಕೆಂದು ವಿದೇಶಕ್ಕೆ ಕಳಿಸಿದೆಯೋ ಇಲ್ಲವೋ ಎಂದು. ಹೋಗಿ ಬಂದವರು ಸಂಘದ ಊಟದ ಪಂಕ್ತಿಯಲ್ಲೂ ಜಾಕೆಟ್ ಬಿಚ್ಚುತ್ತಿರಲಿಲ್ಲ. ಇವರ ತಂಡದಲ್ಲಿ ನಿನ್ನೆ ಮೊನ್ನೆ ಸೇರಿದವರು ಹೋಗಿ ಬಂದಿದ್ದರು. ಇವರ ಸರದಿ ಪ್ರತಿ ಸಲವೂ ಮುಂದಿನ ಪ್ರಾಜೆಕ್ಟಿಗೆ ಹೋಗುತ್ತಿತ್ತು. ನಾನೂ ನೊಂದಿದ್ದೆ. ಸೂಟ್‌ಕೇಸ್ ತಂದು ಅಟ್ಟದ ಮೇಲಿಟ್ಟಿದ್ದವಳು ನಾನೇ.

ಫೋನುಗಳು ಶುರುವಾದವು. ಮೊದಲನೆಯದು ಸಂಘದ ಅಧ್ಯಕ್ಷರ ಹೆಂಡತಿಯದು. ಬೆಂಗಳೂರಿನವರು. "ಲಂಡನ್ನಿಗೆ ಹೋಗಿದಾರಂತೆ! ನಮಗೊಂದು ಮಾತು ಹೇಳ್ಲಿಲ್ವಲ್ರೀ, ನಾವೇನು ಕಣ್ಣು ಹಾಕ್ತಿದ್ವಾ?" ಎಂದರು. ಬ್ಯಾಗಿನ ಸುದ್ದಿಯನ್ನೇ ಎತ್ತಲಿಲ್ಲ. ಆಮೇಲೆ ಉಡುಪಿ ಕಡೆಯ ಒಬ್ಬ ಬ್ಯಾಂಕ್ ಮ್ಯಾನೇಜರು. "ಕಳ್ಳತನ ಆಯ್ತಂತಲ್ಲ ಮಾರಾಯ್ರೆ, ಛೆ. ಅದಿರ್ಲಿ, ಎಷ್ಟು ವರ್ಷದ ವೀಸಾ?" ಎಂದು ಕೇಳಿದರು. ಮೂರನೆಯವನು ಇವರದೇ ತಂಡದ ಹುಡುಗ, ದನಿಯಲ್ಲಿ ಅಳು ಇತ್ತು. "ಮೇಡಂ, ನನ್ನ ಪೇಪರ್ಸ್ ಮೊದ್ಲು ಹೋಗಿತ್ತು. ಇವರದ್ದು ಹೇಗೆ ಮೊದ್ಲು ಆಯ್ತು?"

ನಾನು ಪ್ರತಿ ಸಲವೂ ನಿಜ ಹೇಳಲು ಬಾಯಿ ತೆರೆದೆ. ಇವರು ಪ್ರತಿ ಸಲವೂ ಎದುರಿಗೆ ನಿಂತು ಕೈ ಜೋಡಿಸಿದರು. ನನ್ನ ಖಾತೆಯಿಂದ ಎಲ್ಲರಿಗೂ ಒಂದು ಸಾಲು ಬರೆದು ಹಾಕಿಬಿಡಿ ಎಂದರೆ, "ಯುಗಾದಿ ಭಾಷಣ ಮಾಡಿದೋನು ನಾನೇ ಕಣೇ. ಸೋಮವಾರ ಖಾತೆ ವಾಪಸ್ ತಗೋತೀನಿ. ಆಮೇಲೆ ಏನೋ ಒಂದು ಹೇಳಿದ್ರಾಯ್ತು" ಎಂದರು. ಬರೀ ಮರ್ಯಾದೆಯ ಪ್ರಶ್ನೆಯಾಗಿದ್ದರೆ ಸುಮ್ಮನಿರುತ್ತಿದ್ದೆ. ಆದರೆ ಮಧ್ಯಾಹ್ನದ ಹೊತ್ತಿಗೆ ಅವರ ಮುಖದಲ್ಲಿ ಒಂದು ಕಳೆ ಬಂದಿತ್ತು. "ಅಧ್ಯಕ್ಷರ ಮನೆಯವ್ರು ಇನ್ನೇನಂದ್ರು?" ಎಂದು ಎರಡನೇ ಸಲ ಕೇಳಿದರು. ಕಂಪನಿ ಕಳಿಸದ ಊರಿಗೆ ಕಳ್ಳನಾದರೂ ಕಳಿಸಿದನಲ್ಲ ಎಂದು ಮನುಷ್ಯ ಒಳಗೊಳಗೇ ಹಿಗ್ಗುತ್ತಿದ್ದ! ನನಗೆ ಮೈ ಉರಿಯಿತು.

"ಯಾರಾದ್ರೂ ನಿಜವಾಗ್ಲೂ ದುಡ್ಡು ಕಳಿಸಿಬಿಟ್ರೆ?" ಎಂದೆ.

"ನಮ್ಮೋರಾ? ಸಂಘದ ಚಂದಾ ಕೊಡೋಕೇ ಅಳ್ತಾರೆ" ಎಂದು ನಕ್ಕರು.

ಭಾನುವಾರ ಸಂಘದ ಭಜನೆಗೆ ನಾವು ಹೋಗಲಿಲ್ಲ. ಲಂಡನ್ನಿನಲ್ಲಿರುವವರು ಭಜನೆಗೆ ಬರುವುದುಂಟೆ? ಲೇಕ್ ಮಾರ್ಕೆಟ್ಟಿಗೆ ನಾನೊಬ್ಬಳೇ ಹೋಗಿ ಸೊಪ್ಪು ತಂದೆ. ಊಟವಾದ ಮೇಲೆ ಬಾಗಿಲು ಬಡಿದ ಸದ್ದಾಯಿತು. ಇವರು ಮಜ್ಜಿಗೆ ಲೋಟದ ಸಮೇತ ಮಲಗುವ ಕೋಣೆಗೆ ಓಡಿ ಪರದೆ ಎಳೆದುಕೊಂಡರು.

ಬಂದವರು ಕೆಳಗಿನ ಮನೆಯ ಕಾಕು. ಧಾರವಾಡದವರು, ಗಂಡ ರೈಲ್ವೆಯಲ್ಲಿದ್ದು ತೀರಿಕೊಂಡಿದ್ದರು, ಪಿಂಚಣಿಯಲ್ಲಿ ಒಬ್ಬರೇ ಇದ್ದರು. ಭಜನೆಯಲ್ಲಿ ಸುದ್ದಿ ಕೇಳಿ ನೆಟ್ಟಗೆ ಮೆಟ್ಟಿಲು ಹತ್ತಿ ಬಂದಿದ್ದರು. ಏದುಸಿರು ಬಿಡುತ್ತಿದ್ದರು.

"ಅಲ್ಲ ತಂಗಿ, ಎಲ್ಲಾರೂ ವೀಸಾ, ವೀಸಾ ಅಂತ ಮಾತಾಡ್ಲಿಕ್ಕತ್ತಾರ. ಹುಡುಗ ಉಂಡಾನೋ ಇಲ್ಲೋ ಅಂತ ಒಬ್ಬರೂ ಕೇಳವಲ್ಲರು" ಎಂದರು. "ನಾಳಿಗೆ ಬ್ಯಾಂಕಿಗೆ ಹೋಗಿ ನಮ್ಮನಿಯವರು ಇಟ್ಟ ರೊಕ್ಕ ಬಿಡಿಸ್ತೀನಿ. ಯಾವ ಹೆಸರಿಗೆ ಕಳಿಸೋದದ, ಬರದು ಕೊಡು. ನೀ ಒಬ್ಬಾಕಿ ಎಲ್ಲಿ ತಿರಗ್ತಿ."

ನಾನು ಪರದೆಯತ್ತ ನೋಡಿದೆ. ಅದು ಅಲುಗಾಡಲಿಲ್ಲ. ಒಳಗೆ ಕೇಳಿಸಲಿ ಎಂದು ದನಿ ಏರಿಸಿ, "ನಿಮ್ಮ ಯಜಮಾನ್ರು ಇಟ್ಟ ದುಡ್ಡಾ ಕಾಕು?" ಎಂದೆ.

"ಹೌದವಾ. ನನಗರ ಇನ್ನ ಯಾತಕ್ಕ ಬೇಕು."

ಪರದೆ ಆಗಲೂ ಅಲುಗಾಡಲಿಲ್ಲ. ಆ ಕ್ಷಣ ನನ್ನ ಗಂಡನ ಮೇಲೆ ಹುಟ್ಟಿದ ಹೇಸಿಗೆ ಇವತ್ತಿಗೂ ನೆನಪಿದೆ. "ಲಂಡನ್ನಿನೋರೇ, ಹೊರಗೆ ಬನ್ನಿ!" ಎಂದು ಕೂಗಿದೆ.

ಬಂದರು. ಅದೇ ಲುಂಗಿ, ಅದೇ ಬನಿಯನ್ನು, ಕೈಯಲ್ಲಿ ಅದೇ ಲೋಟ. ಕಾಕು ದೆವ್ವ ಕಂಡವರಂತೆ ಗೋಡೆ ಹಿಡಿದುಕೊಂಡರು. ನಾನು ಒಂದೂ ಬಿಡದೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಬೈಯಲಿಲ್ಲ, ಅಳಲೂ ಇಲ್ಲ. ಇವರತ್ತ ತಿರುಗಿ, "ತಮ್ಮಾ, ಅಂವಾ ನಿನ್ನ ಹೆಸರು ಹೇಳಿ ನನ್ನ ರೊಕ್ಕ ಬೇಡಿದ. ನೀ ಒಳಗ ನಿಂತು ಕೇಳಿಸ್ಕೊಂಡಿ. ಇಬ್ಬರೊಳಗ ಕಳ್ಳ ಯಾರು, ನೀನೇ ಹೇಳು" ಎಂದರು. ಕಾಕು ಗೋಡೆ ಹಿಡಿದೇ ಮೆಟ್ಟಿಲಿಳಿದು ಹೋದರು.

ಅದೇ ಸಂಜೆ ನನ್ನ ಖಾತೆಯಿಂದ ಇವರು ಎಲ್ಲರಿಗೂ ಬರೆದರು: 'ನಾನು ಎಲ್ಲಿಗೂ ಹೋಗಿಲ್ಲ. ಮೋಸಹೋದೆ. ಆ ಪತ್ರ ಕಳ್ಳನದು. ದಯವಿಟ್ಟು ಯಾರೂ ಹಣ ಕಳಿಸಬೇಡಿ.'

ಉತ್ತರಗಳು ಬಂದವು. ನಮಗೆ ಆಗಲೇ ಗೊತ್ತಿತ್ತು ಎಂದು ಅಧ್ಯಕ್ಷರ ಮನೆಯವರು. ನೋಡಿದ ಕೂಡಲೇ ಸುಳ್ಳು ಅನ್ನಿಸಿತ್ತು ಎಂದು ಬ್ಯಾಂಕ್ ಮ್ಯಾನೇಜರು. ನೀವು ಲಂಡನ್ನಿಗೆ ಹೋಗೋದಾ ಅಂತ ಆಗಲೇ ನಕ್ಕಿದ್ದೆ ಸರ್, ಎಂದು ತಂಡದ ಹುಡುಗ.

ಹಣ ಕಳಿಸಬೇಡಿ ಎಂದು ಇವರಿಗೆಲ್ಲ ಬರೆಯುವ ಅಗತ್ಯವೇ ಇರಲಿಲ್ಲ. ಕಳಿಸಲು ಹೊರಟಿದ್ದ ಒಬ್ಬರಿಗೆ ಇಮೇಲೇ ಇರಲಿಲ್ಲ.