ಆನಿ ತಿಂಗಳಲ್ಲಿ ಹುಟ್ಟಿದ ಆಷಾಢ

ನನಗೆ ಮೂರು ಭಾಷೆ ಬರುತ್ತದೆ ಎಂಬ ಜಂಬ ಚಿಕ್ಕಂದಿನಿಂದಲೂ ಇತ್ತು. ಮನೆಯಲ್ಲಿ ಕನ್ನಡ, ಸ್ಕೂಲಿನಲ್ಲಿ ತಮಿಳು, ಸಂತೆಯಲ್ಲಿ ತೆಲುಗು. ನಮ್ಮ ಕಡೆ ಇದೇನೂ ದೊಡ್ಡ ವಿಷಯವಲ್ಲ, ಎಮ್ಮೆ ಕಾಯುವವನಿಗೂ ಮೂರೂ ಬರುತ್ತವೆ. ಆದರೆ ನನಗೆ ತಮಿಳು ಓದಲೂ ಬರುತ್ತಿತ್ತು, ಅವ್ವನಿಗೆ ಯಾವ ಅಕ್ಷರವೂ ಬರುತ್ತಿರಲಿಲ್ಲ. ಹಾಗಾಗಿ ಮನೆಯಲ್ಲಿ ತಿಳಿದವನು ನಾನೇ ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಆ ತಿಳಿವಳಿಕೆ ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂಬುದನ್ನು ಕೃಷ್ಣಗಿರಿ ಡ್ಯಾಮಿನ ಹಿನ್ನೀರು ನೋಡಿದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಹೊಸೂರಿನಲ್ಲಿ ಫ್ಯಾಕ್ಟರಿಗಳು ಒಂದೊಂದಾಗಿ ಏಳುತ್ತಿದ್ದವು. ಒಂದರಲ್ಲಿ ನನಗೂ ಲೇತ್ ಮೆಷಿನ್ ಮುಂದೆ ನಿಲ್ಲುವ ಕೆಲಸ ಸಿಕ್ಕಿತ್ತು. ವಾರವೆಲ್ಲ ಅಲ್ಲೇ ಪಕ್ಕದ ಆಲಸನತ್ತದ ಒಂದು ರೂಮಿನಲ್ಲಿದ್ದು, ರಜ ಬಂದರೆ ಡ್ಯಾಮಿನ ಹಿನ್ನೀರಿನ ಆಚೆ ದಡದಲ್ಲಿದ್ದ ನಮ್ಮೂರಿಗೆ ಓಡುತ್ತಿದ್ದೆ. ರಸ್ತೆ ಹಿಡಿದು ಸುತ್ತಿಕೊಂಡು ಹೋದರೆ ಅರ್ಧ ದಿನ ಹಾಳು. ಡ್ಯಾಮಿನ ಹತ್ತಿರ ಬಸ್ಸಿಳಿದು ತೆಪ್ಪದಲ್ಲಿ ದಾಟಿದರೆ ಮುಕ್ಕಾಲು ಗಂಟೆ. ತೆಪ್ಪವೆಂದರೆ ಬಿದಿರಿನ ದೊಡ್ಡ ಗುಂಡು ಬುಟ್ಟಿ, ತಳಕ್ಕೆ ಟಾರು ಬಳಿದದ್ದು, ನಡೆಸಲು ಒಂದು ಮರದ ಹುಟ್ಟು. ಅದರಲ್ಲೊಂದು ವರ್ಷ ಬೇಸಿಗೆಯಲ್ಲಿ ನನ್ನ ಮದುವೆಯಾಯಿತು. ಹೆಂಡತಿ ಡೆಂಕಣಿಕೋಟೆ ಕಡೆಯವಳು. ರಾಗಿ ಹೊಲಕ್ಕೆ ನುಗ್ಗುವ ಆನೆಗಳನ್ನು ತಮಟೆ ಬಡಿದು ಓಡಿಸಿ ಬೆಳೆದವಳು, ಆದರೆ ಇಷ್ಟು ನೀರನ್ನು ಒಟ್ಟಿಗೆ ನೋಡಿದ್ದು ನಮ್ಮೂರಿಗೆ ಬಂದ ಮೇಲೆಯೇ.

ಮದುವೆಯಾದವರು ಊಟಿಗೆ ಹೋಗಬೇಕು ಎಂದು ಫ್ಯಾಕ್ಟರಿಯ ಜೊತೆಗಾರರೆಲ್ಲ ಹೇಳಿದರು. ನಾನು ಹೊಗೇನಕಲ್ಲಿಗೆ ಹೋಗುತ್ತೇವೆ ಎಂದೆ. ಅಲ್ಲೇ ಉಳಿದುಕೊಂಡು, ದಿನಾ ತೆಪ್ಪದಲ್ಲಿ ಕಾವೇರಿ ಸುತ್ತುವುದು, ಬಂಡೆಗಳ ಸಂದಿಯಲ್ಲಿ ತೇಲುವುದು, ಮೀನು ತಿನ್ನುವುದು. ಫ್ಯಾಕ್ಟರಿಯಲ್ಲಿ ಅದಕ್ಕೆ ‘ಬೋಟ್ ಟೂರ್’ ಎಂದು ಹೆಸರಿಟ್ಟು ಹೇಳಿಕೊಂಡು ತಿರುಗಿದೆ. ಮೂರು ದಿನದ ರಜ ಹಾಕಿದೆ.

ಹೊರಡುವಾಗ ಅವ್ವ ಒಂದೇ ಮಾತು ಹೇಳಿದಳು. “ಆಷಾಡ ಹುಟ್ಟೋದ್ರೊಳಗೆ ಬಂದ್ಬುಡಿ ಕಣ್ಲಾ. ಹುಡುಗೀಗೆ ಮಡ್ಲು ತುಂಬಿ ಕಳಿಸ್ಬೇಕು.”

ಹೊಸ ಸೊಸೆ ಆಷಾಢದಲ್ಲಿ ಅತ್ತೆಯ ಮನೆಯಲ್ಲಿ ಇರುವಂತಿಲ್ಲ, ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟುವಂತಿಲ್ಲ. ತಿಂಗಳು ಹುಟ್ಟುವ ಮೊದಲೇ ತವರಿನವರು ಬಂದು ಕರೆದುಕೊಂಡು ಹೋಗಬೇಕು. ಹೋಗುವಾಗ ನಮ್ಮ ಮನೆತನದಲ್ಲಿ ಅತ್ತೆಯಾದವಳು ಅವಳ ಸೆರಗಿಗೆ ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆ ಅಡಿಕೆ ಹಾಕಿ, ಕೈಗೆ ಬಳೆ ತೊಡಿಸಿ ಕಳಿಸಬೇಕು. ಮೊದಲ ಸಲ ಬರಿ ಮಡಿಲಲ್ಲಿ ತವರಿಗೆ ಬಂದ ಹುಡುಗಿಯ ವಿಷಯ ಬಾವಿಕಟ್ಟೆಯಲ್ಲಿ ವರ್ಷಗಟ್ಟಲೆ ಓಡಾಡುತ್ತದೆ. ನನ್ನ ಹೆಂಡತಿಯ ಅಕ್ಕನಿಗೆ ಹಾಗೆ ಆಗಿತ್ತು. ಯಾವುದೋ ಜಗಳದಲ್ಲಿ ಅವಳ ಅತ್ತೆ ಬರಿಗೈಯಲ್ಲಿ ಕಳಿಸಿದ್ದಳಂತೆ. ಅವಳಿಗೆ ಎರಡು ಮಕ್ಕಳಾದ ಮೇಲೂ ಊರಿನ ಹೆಂಗಸರು ಅದನ್ನು ಬಿಟ್ಟಿರಲಿಲ್ಲ. ಈ ಸಂಗತಿಯನ್ನು ನನ್ನವಳು ಮದುವೆಯಾದ ವಾರದಲ್ಲೇ ನನಗೆ ಹೇಳಿದ್ದಳು.

“ನಂಗೊತ್ತು ಬುಡವ್ವ, ಇನ್ನೂ ಮೂರು ವಾರ ಐತೆ” ಎಂದೆ.

ಮೂರು ವಾರ ಎಂದು ನನಗೆ ಹೇಳಿದ್ದು ಆಲಸನತ್ತದ ರೂಮಿನ ಗೋಡೆಯಲ್ಲಿದ್ದ ತಮಿಳು ಕ್ಯಾಲೆಂಡರ್, ದಿನಕ್ಕೊಂದು ಹಾಳೆ ಹರಿಯುವಂಥದ್ದು. ಅದರಲ್ಲಿ ಆನಿ ತಿಂಗಳು ನಡೆಯುತ್ತಿತ್ತು. ಆನಿ ಕಳೆದ ಮೇಲೆ ಆಡಿ. ತಮಿಳರಲ್ಲೂ ಹೊಸ ಹೆಂಡತಿ ಆಡಿ ತಿಂಗಳಿಗೆ ತವರಿಗೆ ಹೋಗುತ್ತಾಳೆ. ಅಂದಮೇಲೆ ಆಡಿಯೇ ಆಷಾಢ ಎಂದು ನಾನು ಹಿಡಿದುಬಿಟ್ಟೆ. ಅವರ ತಿಂಗಳು ಸೂರ್ಯನನ್ನು ನೋಡಿ ಹುಟ್ಟುತ್ತದೆ, ನಮ್ಮದು ಅಮಾವಾಸ್ಯೆ ಕಳೆದು ಹುಟ್ಟುತ್ತದೆ, ಕೆಲವು ವರ್ಷ ಎರಡರ ನಡುವೆ ಎರಡು ಮೂರು ವಾರ ಬೀಳುತ್ತದೆ. ಇದು ಅಕ್ಷರ ಬಾರದ ಅವ್ವನಿಗೆ ಗೊತ್ತಿತ್ತು. ನಮ್ಮ ಬೀದಿಯ ಎಲ್ಲ ಹೆಂಗಸರಿಗೂ ಗೊತ್ತಿತ್ತು. ಅದೇ ಹಾಳೆಗಳಲ್ಲಿ ಅಮಾವಾಸ್ಯೆಯನ್ನೂ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದ್ದರಂತೆ. ಅದನ್ನೆಲ್ಲ ನೋಡುವ ವ್ಯವಧಾನ ತಿಳಿದವನಿಗೆ ಎಲ್ಲಿಂದ ಬರಬೇಕು?

ಹೊಗೇನಕಲ್ಲಿನಲ್ಲಿ ನಾನು ನಾನಾಗಿರಲಿಲ್ಲ. ಎರಡನೆಯ ದಿನ ತೆಪ್ಪದವನು, ನೀರು ಅಲುಗಾಡದ ಒಂದು ಕಡೆ, ಹುಟ್ಟನ್ನು ನನ್ನ ಕೈಗೆ ಕೊಟ್ಟ. ಹತ್ತು ನಿಮಿಷ ಅಲ್ಲಾಡಿಸಿದೆ. ತೆಪ್ಪ ಒಂದು ಮಾರು ಮುಂದೆ ಹೋಯಿತು. ಅಷ್ಟಕ್ಕೇ ನದಿ ನನಗೆ ಒಲಿದುಬಿಟ್ಟಿತು ಎನ್ನಿಸಿ, ಹೆಂಡತಿಯ ಕಡೆ ತಿರುಗಿ ನಕ್ಕೆ. ಮೂರು ದಿನದ ರಜ ಐದು ದಿನವಾಯಿತು. ಮೂರನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಅವಳು ಆಕಾಶ ನೋಡಿ, “ಚಂದ್ರ ಉಗುರಿನಷ್ಟು ಉಳ್ಕೊಂಡವ್ನೆ. ಅಮಾಸೆ ಹತ್ರ ಬಂದಂಗೈತೆ ಅಲ್ವಾ?” ಎಂದಳು. ನಾನು ಅವಳನ್ನು ಮರಳಿನ ಮೇಲೆ ಕೂರಿಸಿಕೊಂಡು, ಕಡ್ಡಿಯಲ್ಲಿ ಗೆರೆ ಎಳೆದು, ಇದು ಆನಿ, ಇದು ಆಡಿ ಎಂದು ಪಾಠ ಮಾಡಿದೆ. ಅವಳು ಪೂರ್ತಿ ಕೇಳಿ, “ಸರಿ ಬುಡಿ” ಎಂದಳು. ಅವಳ “ಸರಿ ಬುಡಿ”ಗೆ ಏನರ್ಥ ಎನ್ನುವುದು ಎರಡು ತಿಂಗಳ ಗಂಡನಿಗೆ ಗೊತ್ತಿರಲಿಲ್ಲ. ಈಗ ಆ ಮಾತು ಕೇಳಿದರೆ ಮಾಡುತ್ತಿದ್ದ ಕೆಲಸ ನಿಲ್ಲಿಸುತ್ತೇನೆ.

ಐದನೆಯ ದಿನ ಬೆಳಗ್ಗೆ ಹೊರಟು, ಧರ್ಮಪುರಿ, ಕೃಷ್ಣಗಿರಿ ಎಂದು ಬಸ್ಸು ಬದಲಾಯಿಸಿ, ಡ್ಯಾಮಿನ ಹತ್ತಿರ ಇಳಿದಾಗ ಸಂಜೆ ಐದು ದಾಟಿತ್ತು. ನಮ್ಮೂರಿನ ತೆಪ್ಪದ ತಾತ ನೀರಿನ ಬದಿಯಲ್ಲಿ ಬೀಡಿ ಸೇದುತ್ತ ಕೂತಿದ್ದ. ಹತ್ತಿ ಕೂತೆವು. ತೆಪ್ಪ ಒಂದಷ್ಟು ದೂರ ಹೋಗುವವರೆಗೂ ನಾನು ಹೊಗೇನಕಲ್ಲಿನ ತೆಪ್ಪಗಳು ಎಷ್ಟು ದೊಡ್ಡವು, ಅಲ್ಲಿ ಹುಟ್ಟು ಹಾಕುವ ವರಸೆ ಹೇಗೆ ಎಂದು, ಐವತ್ತು ವರ್ಷ ಹುಟ್ಟು ಹಾಕಿದವನಿಗೆ ವಿವರಿಸುತ್ತಿದ್ದೆ. ಅವನು ಎಲ್ಲ ಕೇಳಿದ.

“ಅದಿರ್ಲಿ, ಅಮಾಸೆ ದಿನ ಯಾಕಪ್ಪಾ ಹೆಣ್ಮಗೀನ ಕರ್ಕೊಂಡು ಬಂದೆ?” ಎಂದ ಆಮೇಲೆ. “ಇವಳ ಅಣ್ಣ ನೆನ್ನೆಯಿಂದ ನಿಮ್ಮನೇಲಿ ಕಾಯ್ತಾ ಕುಂತವ್ನೆ. ಇವತ್ತು ದೀಪ ಹಚ್ಚುದ್ರೆ ಆಷಾಡ.”

ಹೆಂಡತಿ ನನ್ನನ್ನು ನೋಡಿದಳು. ನಾನು ನೀರನ್ನು ನೋಡಿದೆ. ಆ ದಿನ ದೀಪ ಹಚ್ಚಿದ ಮೇಲೆ ಆಷಾಢ ಹೊಕ್ಕಂತೆ ಎನ್ನುವುದು ನಮ್ಮ ಮನೆಯ ಲೆಕ್ಕ. ಅಷ್ಟರೊಳಗೆ ಅವಳು ಹೊಸ್ತಿಲು ದಾಟಿ, ದೇವರ ಮುಂದೆ ಮಣೆಯ ಮೇಲೆ ಕೂತು ಮಡಿಲು ತುಂಬಿಸಿಕೊಂಡು ಹೊರಬರಬೇಕು. ಇಲ್ಲವಾದರೆ ಅಕ್ಕನ ಪಾಡೇ ತಂಗಿಗೂ. ತಾತ ಸೂರ್ಯನ ಕಡೆ ಕಣ್ಣು ಕಿರಿದು ಮಾಡಿ ನೋಡಿ, ಇನ್ನೂ ಹೊತ್ತಿದೆ, ಮುಟ್ಟಿಸುತ್ತೇನೆ, ಸುಮ್ಮನೆ ಕೂತಿರು ಎಂದ.

ನಾನು ಸುಮ್ಮನೆ ಕೂತಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ತೆಪ್ಪದಲ್ಲಿ ಇನ್ನೊಂದು ಹಳೆಯ ಹುಟ್ಟು ಬಿದ್ದಿತ್ತು. ಅದನ್ನು ಎತ್ತಿಕೊಂಡೆ. ಇಬ್ಬರು ಹಾಕಿದರೆ ಎರಡರಷ್ಟು ಬೇಗ ಹೋಗುತ್ತದೆ ಎಂಬುದು ಫ್ಯಾಕ್ಟರಿಯ ತರ್ಕ. ಗುಂಡಗಿರುವ ತೆಪ್ಪಕ್ಕೆ ಆ ತರ್ಕ ಗೊತ್ತಿಲ್ಲ. ನಾನು ಒಂದು ಕಡೆ ಎಳೆದೆ, ತಾತ ಇನ್ನೊಂದು ಕಡೆ ಎಳೆದ, ತೆಪ್ಪ ರಾಗಿ ಬೀಸುವ ಕಲ್ಲಿನಂತೆ ನಿಂತಲ್ಲೇ ಸುತ್ತತೊಡಗಿತು. ನಮ್ಮೂರು ಕಣ್ಣ ಮುಂದೆ ಬಂತು, ಹೋಯಿತು, ಡ್ಯಾಮು ಬಂತು, ಮತ್ತೆ ನಮ್ಮೂರು ಬಂತು. ಹೆದರಿ ಇನ್ನೂ ಜೋರಾಗಿ ಎಳೆದೆ. ಗಾಳಿ ಬೇರೆ ಎದ್ದಿತು. ತೆಪ್ಪ ಸುತ್ತುತ್ತಲೇ ಪಕ್ಕಕ್ಕೆ ಸರಿದು, ಅರ್ಧ ಮುಳುಗಿದ್ದ ಜಾಲಿ ಮರಗಳ ನಡುವೆ ಹೊಕ್ಕು ಸಿಕ್ಕಿಕೊಂಡಿತು. ಮುಳ್ಳು ತಾಗಿ ನನ್ನ ಹೊಸ ಟೆರಿಕಾಟ್ ಶರಟಿನ ತೋಳು ಹರಿಯಿತು. ತಾತ ಬೈಯಲಿಲ್ಲ. ನನ್ನ ಕೈಯಿಂದ ಹುಟ್ಟನ್ನು ತೆಗೆದು ತನ್ನ ಕಾಲ ಕೆಳಗೆ ಇಟ್ಟುಕೊಂಡು, ಒಂದೊಂದೇ ಕೊಂಬೆ ಬಿಡಿಸತೊಡಗಿದ.

ಬಿಡಿಸಿಕೊಂಡು ಹೊರಬರುವ ಹೊತ್ತಿಗೆ ಸೂರ್ಯ ಇಳಿದಿದ್ದ. ಊರು ಹತ್ತಿರವಾಗುತ್ತಿದ್ದಂತೆ ಮೊದಲು ಒಂದು ಮನೆಯಲ್ಲಿ ದೀಪ ಕಂಡಿತು, ಆಮೇಲೆ ಇನ್ನೊಂದರಲ್ಲಿ. ಮೂರನೆಯದು ನಮ್ಮ ಮನೆ.

“ನಮ್ಮಕ್ಕನ್ನ ಹಿಂಗೇ ಕಳಿಸಿದ್ದು” ಎಂದಳು ಹೆಂಡತಿ, ಯಾರಿಗೂ ಹೇಳದವಳಂತೆ. ನನಗೆ ನಾಚಿಕೆಯಾಯಿತು. ಬೇರೆಯವರ ಮುಂದೆ ಮರ್ಯಾದೆ ಹೋದ ನಾಚಿಕೆಯಲ್ಲ. ಮರಳಿನ ಮೇಲೆ ಗೆರೆ ಎಳೆದು ಪಾಠ ಮಾಡುವಾಗ ಅವಳ ಮುಖವನ್ನು ಒಂದು ಸಲವಾದರೂ ನೋಡಲಿಲ್ಲವಲ್ಲ ಎಂಬ ನಾಚಿಕೆ.

ದಡದಲ್ಲಿ ಅವ್ವ ನಿಂತಿದ್ದಳು. ಪಕ್ಕದಲ್ಲಿ ಹೆಂಡತಿಯ ಅಣ್ಣ, ಕಂಕುಳಲ್ಲಿ ಕೊಡೆ. ತೆಪ್ಪ ನೆಲ ಮುಟ್ಟುವ ಮೊದಲೇ ಅವ್ವ ಕೈ ಎತ್ತಿ ನಿಲ್ಲಿಸಿದಳು. “ಅಲ್ಲೇ ಕುಂತ್ಕ ತಾಯಿ, ಇಳೀಬ್ಯಾಡ” ಎಂದು ಸೊಸೆಗೆ ಹೇಳಿ, “ನೀನು ಇಳೀಲಾ” ಎಂದಳು ನನಗೆ.

ಮೊಣಕಾಲುದ್ದ ಕೆಸರಿನಲ್ಲಿ, ತಲೆಯ ಮೇಲೆ ನನ್ನ ಬ್ಯಾಗು ಹೊತ್ತು ಇಳಿದೆ. ಇಳಿದವನು ಬಾಯಿ ಮುಚ್ಚಿಕೊಂಡಿರಬಾರದೇ? ಆನಿ, ಆಡಿ ಎಂದು ಶುರು ಮಾಡಿದೆ. ಅವ್ವ ಪೂರ್ತಿ ಕೇಳುವುದಕ್ಕೂ ನಿಲ್ಲದೆ, ಬೆನ್ನು ತಿರುಗಿಸಿ ದಿಬ್ಬ ಹತ್ತಿ ಹೊರಟುಹೋದಳು. ಹೆಂಡತಿಯ ಅಣ್ಣ ತೆಪ್ಪ ಹತ್ತಿ ತಂಗಿಯ ಪಕ್ಕದಲ್ಲಿ ಕೂತ. ಇವತ್ತು ಕೃಷ್ಣಗಿರಿಯ ನೆಂಟರ ಮನೆಯಲ್ಲಿ ಉಳಿದು ನಾಳೆ ಊರು ಸೇರುತ್ತೇವೆ ಎಂದು ನನಗೆ ಹೇಳಿದ, ನನ್ನ ಮುಖ ನೋಡದೆ. ತಾತ ತೆಪ್ಪವನ್ನು ಆಳಕ್ಕೆ ತಳ್ಳಿ ಹುಟ್ಟು ಹಿಡಿದು, ಹೊರಡಲೇ ಎಂದು ಕೇಳಿದ. ನಾನು ಹರಿದ ತೋಳನ್ನು ಮಡಿಚಿಕೊಳ್ಳುತ್ತ ನಿಂತೆ. ಹೆಂಡತಿ ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು, ಅವ್ವ ಹತ್ತಿ ಹೋದ ದಿಬ್ಬವನ್ನೇ ನೋಡುತ್ತಿದ್ದಳು.

ಆ ದಿಬ್ಬದಿಂದ ಅವ್ವ ಮತ್ತೆ ಇಳಿದು ಬಂದಳು. ಸೊಂಟದಲ್ಲಿ ಮೊರ, ಮೊರದ ಮೇಲೆ ಹಸಿರು ರವಿಕೆ ಕಣ. ಹಿಂದಿನ ದಿನವೇ ಜೋಡಿಸಿ ಇಟ್ಟಿದ್ದ ಮೊರ ಅದು. ದಡದಲ್ಲಿ ನಿಲ್ಲದೆ, ಸೀರೆ ಎತ್ತಿ ಕಟ್ಟದೆ, ಸೀದಾ ನೀರಿಗೆ ನಡೆದಳು. ತೊಡೆಮಟ್ಟ ನೀರು ಬರುವವರೆಗೂ ನಡೆದು ತೆಪ್ಪದ ಅಂಚು ಹಿಡಿದಳು.

ನಾನು, ತಿಳಿದವನು, ಆಗಲೂ ಸುಮ್ಮನಿರಲಿಲ್ಲ. “ದೀಪ ಹಚ್ಚಾಯ್ತಲ್ಲವ್ವ” ಎಂದೆ.

“ಹೊಸ್ಲು ದಾಟಬಾರ್ದು ಅಂತ ತಾನೆ ಇರೋದು” ಎಂದಳು ಅವ್ವ, ತಿರುಗಿಯೂ ನೋಡದೆ. “ತೆಪ್ಪಕ್ಕೆ ಹೊಸ್ಲು ಎಲ್ಲೈತ್ಲಾ?”

ಸೊಸೆ ಸೆರಗು ಹರಡಿದಳು. ಅವ್ವ ಎರಡೂ ಕೈ ಸೇರಿಸಿ ಐದು ಸಲ ಅಕ್ಕಿ ಸುರಿದಳು. ಅವಳು ಬಾಗಿದಾಗೆಲ್ಲ ತೆಪ್ಪ ವಾಲುತ್ತಿತ್ತು, ತಾತ ಎದುರು ಕಡೆಗೆ ಬಾಗಿ ಸರಿಮಾಡುತ್ತಿದ್ದ. ಬೆಲ್ಲ, ಕೊಬ್ಬರಿ, ಎಲೆ ಅಡಿಕೆ, ಕೊನೆಗೆ ಬಳೆ. ಬಳೆ ತೊಡಿಸುವಾಗ ಹೆಂಡತಿ ಅಳುತ್ತಿದ್ದಳು, ನಗುತ್ತಲೂ ಇದ್ದಳು. ಅತ್ತೆಯ ಕಾಲು ಮುಟ್ಟಲೆಂದು ಬಾಗಿದಳು. ಕಾಲು ನೀರಿನೊಳಗಿತ್ತು. ನೀರನ್ನೇ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

ಮತ್ತೆ ನಾನು ಅವಳನ್ನು ಕಂಡದ್ದು ಐವತ್ತು ಚಿಲ್ಲರೆ ದಿನ ಕಳೆದ ಮೇಲೆ. ಆಷಾಢ ತೀರುವಷ್ಟರಲ್ಲಿ ಆಡಿ ಹುಟ್ಟಿತ್ತು. ಅಳಿಯಂದಿರು ಆಡಿಯನ್ನೇ ನಂಬುವವರು ಎಂದು ಮಗಳು ಹೇಳಿದ್ದಾಳೆ, ಅದನ್ನೂ ಕಳೆದು ಕಳಿಸುತ್ತೇವೆ ಎಂದು ಮಾವ ಕಾಗದ ಬರೆದಿದ್ದರು. ನಾನು ಆಲಸನತ್ತದ ರೂಮಿನಲ್ಲಿ ದಿನಕ್ಕೊಂದು ಹಾಳೆ ಹರಿಯುತ್ತ ಕೂತೆ.

ಆ ಸಂಜೆ ತೆಪ್ಪ ಹೊರಟಾಗ ನಾನು ದಡದ ಕೆಸರಿನಲ್ಲೇ ನಿಂತು ಕೈ ಬೀಸಿದೆ. ಕೋಪ ಇಳಿದಿಲ್ಲವೇನೋ, ಅವಳು ಬೀಸಲಿಲ್ಲ ಎಂದುಕೊಂಡೆ. ಪಕ್ಕದಲ್ಲಿ ಅವ್ವ ಒದ್ದೆ ಸೀರೆ ಹಿಂಡುತ್ತ, “ಅವಳು ಎಲ್ಲಿಂದ ಬೀಸ್ತಾಳ್ಲಾ” ಎಂದಳು. ಮತ್ತೆ ನೋಡಿದೆ. ಅವಳು ಎರಡೂ ಕೈಯಲ್ಲಿ ಮಡಿಲು ಹಿಡಿದುಕೊಂಡಿದ್ದಳು.